ಬೀಳುವ ಗಳಿಗೆಯ ಅಧ್ಯಯನ: ಮುಪ್ಪು ಮತ್ತು ನರರೋಗಗಳಲ್ಲಿ ಸಮತೋಲದ ಪುನಶ್ಚೇತನ

ಸ್ವೀಡನ್ನಿನ ಲಿಲ್ಲೆಮೊರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು 1997ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಚಿಕ್ಕದೊಂದು ಬರಹ ಪ್ರಕಟಿಸಿದರು. ಹಿರಿಯರ ವಸತಿಗೃಹದಲ್ಲಿದ್ದ 58 ಮಂದಿಯ ಜೊತೆ ನಡೆಯುತ್ತ ಮಾತಿಗೆಳೆಯುವುದು, ಯಾರು ಮಾತಾಡಲು ನಿಂತುಬಿಡುತ್ತಾರೆ ಎಂದು ಗಮನಿಸುವುದು, ಇಷ್ಟೇ ಅವರ ಪರೀಕ್ಷೆ. 12 ಮಂದಿ ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಅದೇ ಅವಧಿಯಲ್ಲಿ ಒಟ್ಟು ಬಿದ್ದವರು 21; ಅಂದರೆ ನಡೆಯುತ್ತಲೇ ಸರಾಗವಾಗಿ ಮಾತಾಡಿದವರಲ್ಲೂ 11 ಮಂದಿ ಬಿದ್ದಿದ್ದರು. ಸಮತೋಲ ಸಂಶೋಧನೆಯ ಎರಡು ಮುಖ್ಯ ಸಂಗತಿಗಳು ಈ ಪುಟ್ಟ ಅಧ್ಯಯನದಲ್ಲಿ ಒಟ್ಟಿಗೇ ಸಿಗುತ್ತವೆ. ವಯಸ್ಸಾದಂತೆ ನಡಿಗೆ ತನ್ನಷ್ಟಕ್ಕೆ ಸಾಗುವುದಿಲ್ಲ, ಗಮನದ ಒಂದು ಪಾಲನ್ನು ಬೇಡತೊಡಗುತ್ತದೆ. ಎರಡನೆಯದಾಗಿ, ಎಲ್ಲರೂ ಒಂದೇ ಕಾರಣಕ್ಕೆ ಬೀಳುವುದಿಲ್ಲವಾದ್ದರಿಂದ ಯಾವ ಒಂದು ಪರೀಕ್ಷೆಯೂ ಬೀಳಲಿರುವವರೆಲ್ಲರನ್ನು ಗುರುತಿಸಲಾರದು.

ದೇಹ ನೆಮ್ಮದಿಯಾಗಿ ನಿಂತಿರುವಾಗ ಅಳೆದು, ನಿಂತಲ್ಲೇ ಪಳಗಿಸುವುದು ಪುನಶ್ಚೇತನ ಚಿಕಿತ್ಸೆಯ ಹಳೆಯ ರೂಢಿ. ಜನ ಬೀಳುವುದಾದರೋ ಕಾಲು ಜಾರಿದಾಗ, ಎಡವಿದಾಗ, ಸರಕ್ಕನೆ ತಿರುಗಿದಾಗ. ಕಳೆದ ಐವತ್ತು ವರ್ಷಗಳ ಸಂಶೋಧನೆ ಆ ಗಳಿಗೆಯ ಕಡೆಗೆ ಸರಿಯುತ್ತ ಬಂದಿದೆ. ಚಿಕಿತ್ಸಾಕ್ರಮ ಅಷ್ಟು ದೂರ ಬಂದಿಲ್ಲ. ಕರ್ನಾಟಕದ ಮನೆಗಳಲ್ಲಿ ಹಿರಿಯರು ಬೀಳುವ ಜಾಗಗಳೂ ಭಂಗಿಗಳೂ ನಾವು ಬಳಸುವ ಪರೀಕ್ಷೆಗಳೊಳಗೆ ಬಹುಮಟ್ಟಿಗೆ ಬಂದಿಲ್ಲ ಎಂಬುದು ಈ ಲೇಖನದ ವಾದ.

ಬರ್ಲಿನ್ನಿನ ವೈದ್ಯ ಮೊರಿಟ್ಜ್ ರೊಂಬರ್ಗ್ 1840ರ ದಶಕದಲ್ಲಿ ವಿವರಿಸಿದ ಲಕ್ಷಣವನ್ನು ನರರೋಗ ತಜ್ಞರು ಇಂದಿಗೂ ಪರೀಕ್ಷಿಸುತ್ತಾರೆ. ಸಿಫಿಲಿಸ್‌ನಿಂದ ಬೆನ್ನುಹುರಿಯ ಹಿಂಬದಿಯ ನರತಂತುಗಳು ಹಾಳಾದವರು ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿದೊಡನೆ ತೂರಾಡುತ್ತಿದ್ದರು. ಪಾದ ಮತ್ತು ಕೀಲುಗಳಿಂದ ಬರಬೇಕಾದ ಸುದ್ದಿ ನಿಂತುಹೋದಾಗ ಆ ಹೊರೆಯನ್ನು ಕಣ್ಣು ಹೊತ್ತಿರುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಮೂರನೆಯ ಆಧಾರವಾದ ಒಳಗಿವಿ ಕೆಟ್ಟವರಿಗಾಗಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ 1940ರ ದಶಕದಲ್ಲಿ ವ್ಯಾಯಾಮಗಳನ್ನು ರೂಪಿಸಿದರು. ತಲೆಸುತ್ತು ತರಿಸುವ ಚಲನೆಯನ್ನೇ ಅಳತೆಯಲ್ಲಿ ಮಾಡಿಸುತ್ತ ಹೋದರೆ ಮೆದುಳು ಹೊಂದಿಕೊಳ್ಳುತ್ತದೆ ಎಂಬುದು ಅವುಗಳ ತಿರುಳು. ತೊಂದರೆಯಾಗುವ ಚಲನೆಯಿಂದ ರೋಗಿಯನ್ನು ದೂರವಿಡಬಾರದು, ಅದರೊಳಗೇ ಕರೆದೊಯ್ಯಬೇಕು ಎಂಬ ಈ ಧೈರ್ಯ ಮುಂದಿನ ಸಂಶೋಧನೆಗೂ ದಾರಿಯಾಯಿತು.

ಅಮೆರಿಕದ ಲೂಯಿಸ್ ನ್ಯಾಶ್ನರ್ 1976ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಿಂತವರ ಕಾಲಡಿಯ ಹಲಗೆಯನ್ನು ಥಟ್ಟನೆ ಹಿಂದಕ್ಕೆ ಎಳೆದರೆ ದೇಹ ಮುಂದಕ್ಕೆ ವಾಲುತ್ತದೆ. ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಮೀನಖಂಡದ ಸ್ನಾಯು ಬಿಗಿದು ದೇಹವನ್ನು ಸರಿಗೆ ತರುತ್ತದೆ. ಅದೇ ಹಲಗೆಯನ್ನು ಎಳೆಯದೆ, ಕಾಲ್ಬೆರಳು ಮೇಲೇಳುವಂತೆ ಓರೆ ಮಾಡಿದರೂ ಮೀನಖಂಡ ಹಿಗ್ಗುತ್ತದೆ, ಆದರೆ ಈಗ ಅದು ಬಿಗಿದರೆ ದೇಹ ಹಿಂದಕ್ಕೆ ಬೀಳುತ್ತದೆ. ಕೆಲವೇ ಸಲ ಹೀಗೆ ಮಾಡಿದ ಮೇಲೆ ಆರೋಗ್ಯವಂತರಲ್ಲಿ ಈ ಕೆಡಿಸುವ ಬಿಗಿತ ತಗ್ಗಿತು. ಇಚ್ಛೆಗೆ ಸಿಗದಷ್ಟು ವೇಗದ ಪ್ರತಿಕ್ರಿಯೆಯೊಂದು ಅನುಭವದಿಂದ ತಿದ್ದಿಕೊಂಡಿತ್ತು. ಸಮತೋಲವನ್ನು ಕಲಿಸಬಹುದು ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಶಾರೀರಿಕ ಆಧಾರ ನನಗೆ ಬೇರೆ ಕಾಣುವುದಿಲ್ಲ.

ಫೇ ಹೊರಾಕ್ ಮತ್ತು ನ್ಯಾಶ್ನರ್ 1986ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಅಗಲವಾದ ನೆಲದ ಮೇಲೆ ಸಣ್ಣ ಅಲುಗಾಟವನ್ನು ದೇಹ ಹರಡಿನ ಕೀಲಿನಿಂದ ಸರಿಪಡಿಸುತ್ತದೆ, ಕಿರಿದಾದ ತೊಲೆಯ ಮೇಲೆ ನಿಂತಾಗ ಸೊಂಟದಿಂದ. ಎರಡೂ ಸಾಲದಾದಾಗ ಹೆಜ್ಜೆ ಮುಂದಿಡಬೇಕು ಅಥವಾ ಕೈಚಾಚಿ ಏನನ್ನಾದರೂ ಹಿಡಿಯಬೇಕು. ಮುಪ್ಪಿನಲ್ಲಿ ಪಾದದ ಸ್ಪರ್ಶ ಮಂದವಾಗಿ, ಒಳಗಿವಿಯ ರೋಮಕೋಶಗಳು ಕಡಿಮೆಯಾಗಿ, ವೇಗವಾಗಿ ಬಿಗಿಯುವ ಸ್ನಾಯುತಂತುಗಳು ಸೊರಗಿದಾಗ ಪ್ರತಿಕ್ರಿಯೆ ತಡವಾಗುತ್ತದೆ. ಕೀಲಿನ ಎರಡೂ ಬದಿಯ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ. ಒಂದು ಹೆಜ್ಜೆ ಸಾಕಾಗುವಲ್ಲಿ ಎರಡು ಮೂರು ಹೆಜ್ಜೆ ಬೇಕಾಗುತ್ತವೆ. ರೋಗಗಳಲ್ಲಿ ಕೆಡುವ ಬಗೆಯೇ ಬೇರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಪ್ರತಿಕ್ರಿಯೆ ಸಮಯಕ್ಕೆ ಬಂದರೂ ಸಂದರ್ಭಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಕಿರುಮೆದುಳಿನ ಕಾಯಿಲೆಯಲ್ಲಿ ಅದು ಅಗತ್ಯ ಮೀರಿ ದೊಡ್ಡದಾಗುತ್ತದೆ. ಲಕ್ವ ಹೊಡೆದವರಲ್ಲಿ ಒಂದು ಬದಿ ತಡವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ನರ ಕೆಟ್ಟವರಲ್ಲಿ ಸುದ್ದಿಯೇ ತಡವಾಗಿ ತಲುಪುತ್ತದೆ. ಇವರೆಲ್ಲರ ಚೀಟಿಯ ಮೇಲೂ 'ಬ್ಯಾಲೆನ್ಸ್ ತೊಂದರೆ' ಎಂದು ಬರೆದು ಒಂದೇ ವ್ಯಾಯಾಮದ ಹಾಳೆ ಕೊಡುವುದು ಈ ತಿಳಿವಳಿಕೆಯನ್ನು ಬದಿಗಿಟ್ಟಂತೆ.

ಇನ್ನು ಅಳತೆಯ ವಿಚಾರ. ಕೆನಡಾದ ಕ್ಯಾಥರೀನ್ ಬರ್ಗ್ 1989ರಲ್ಲಿ ಪ್ರಕಟಿಸಿದ ಮಾಪನದಲ್ಲಿ 14 ಕೆಲಸಗಳಿಗೆ ಒಟ್ಟು 56 ಅಂಕ. 1991ರ ಇನ್ನೊಂದು ಪರೀಕ್ಷೆಯಲ್ಲಿ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಹಿಂತಿರುಗಿ ಕೂರುವ ಹೊತ್ತನ್ನು ಲೆಕ್ಕ ಹಾಕುತ್ತಾರೆ. ಇವು ಅಗ್ಗ, ಸುಲಭ, ಎಲ್ಲೆಡೆ ಬಳಕೆಯಲ್ಲಿವೆ. ಆದರೆ ಬರ್ಗ್ ಮಾಪನದಲ್ಲಿ ನಡಿಗೆಯೂ ಇಲ್ಲ, ಅನಿರೀಕ್ಷಿತ ತಳ್ಳುವಿಕೆಗೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದೂ ಇಲ್ಲ. ತಕ್ಕಮಟ್ಟಿಗೆ ಓಡಾಡುವ ಹಿರಿಯರು ಪೂರ್ತಿ ಅಂಕದ ಹತ್ತಿರ ಬಂದು, ಮನೆಗೆ ಹೋಗಿ ಬೀಳಬಹುದು. ಈ ಕೊರತೆಯನ್ನು ತುಂಬಲು ಹೊರಾಕ್ ಬಳಗ 2009ರಲ್ಲಿ ಸಮತೋಲವನ್ನು ಆರು ಅಂಗಗಳಾಗಿ ಬಿಡಿಸಿ ನೋಡುವ ಪರೀಕ್ಷೆಯನ್ನು ಕೊಟ್ಟಿತು. ಅದರ ಕಿರುರೂಪದಲ್ಲೂ ರೋಗಿಯನ್ನು ಕೈಗೆ ಒರಗಿಸಿಕೊಂಡು ಥಟ್ಟನೆ ಕೈ ತೆಗೆಯುವ ಭಾಗ ಉಳಿದಿದೆ.

ಈ ಪರೀಕ್ಷೆಗಳಲ್ಲಿ ಕೂರುವುದೆಂದರೆ ಕುರ್ಚಿಯಲ್ಲಿ ಕೂರುವುದು. ನಮ್ಮ ಹಿರಿಯರ ದಿನ ಬೇರೆ ರೀತಿ ಕಳೆಯುತ್ತದೆ. ಚಾಪೆಯಿಂದ ಏಳುವುದು, ಮಣೆಯ ಮೇಲೆ ಕೂತು ಊಟ ಮಾಡುವುದು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂರುವುದು, ಹೊಸ್ತಿಲು ದಾಟುವುದು, ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಂತು ಬಗ್ಗಿ ತಂಬಿಗೆಯಲ್ಲಿ ನೀರು ಮೊಗೆಯುವುದು, ಸೀರೆಯ ನೆರಿಗೆ ಕಾಲಿಗೆ ಸಿಗದಂತೆ ಮೆಟ್ಟಿಲಿಳಿಯುವುದು. ನೆಲದಿಂದ ಏಳುವ ಸಾಮರ್ಥ್ಯದ ಬಗ್ಗೆ ಹೆಸರಾದ ಅಧ್ಯಯನ ಬಂದದ್ದು ಬ್ರೆಜಿಲ್‌ನಿಂದ. 2012ರಲ್ಲಿ ಪ್ರಕಟವಾದ ಅದರಲ್ಲಿ ಅಲ್ಲಿನ ಸಂಶೋಧಕರು 51ರಿಂದ 80 ವರ್ಷದ 2002 ಮಂದಿಯನ್ನು ನೆಲದ ಮೇಲೆ ಕೂರಿಸಿ ಏಳಿಸಿ, ಎಷ್ಟು ಸಲ ಕೈ ಅಥವಾ ಮಂಡಿಯ ಆಸರೆ ಬೇಕಾಯಿತೆಂದು 10 ಅಂಕಗಳಲ್ಲಿ ಅಳೆದರು. ಕಡಿಮೆ ಅಂಕದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ನೆಲವನ್ನೇ ನೆಚ್ಚಿಕೊಂಡು ಬದುಕುವ ಸಮಾಜಕ್ಕೆ ಇಂಥ ಅಳತೆ ಇನ್ನೂ ಹೆಚ್ಚು ಅರ್ಥವುಳ್ಳದ್ದು. ಕುಕ್ಕರಗಾಲಿನಿಂದ ಏಳುವುದು, ಒದ್ದೆ ನೆಲದಲ್ಲಿ ತಿರುಗುವುದು, ಹೊಸ್ತಿಲು ದಾಟುವುದು, ಈ ಮೂರನ್ನಾದರೂ ಸೇರಿಸಿದ ಕನ್ನಡದ ಮಾಪನವೊಂದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ ಬಳಕೆಗೆ ತರಬೇಕು.

ಚಿಕಿತ್ಸೆಯ ಪುರಾವೆ ಇಂದು ಸಾಕಷ್ಟು ಬಲವಾಗಿದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಶೆರಿಂಗ್ಟನ್ ಮುಂದಾಳತ್ವದ 2019ರ ಕಾಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನು, 23,407 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ. 23ರಷ್ಟು ತಗ್ಗುತ್ತದೆ. ಅದೇ ಬಳಗದ 2017ರ ವಿಶ್ಲೇಷಣೆಯಲ್ಲಿ, ಸಮತೋಲಕ್ಕೆ ನಿಜವಾದ ಸವಾಲೊಡ್ಡುವ ಮತ್ತು ವಾರಕ್ಕೆ ಮೂರು ಗಂಟೆಗಿಂತ ಹೆಚ್ಚಿನ ವ್ಯಾಯಾಮದಲ್ಲಿ ಈ ಇಳಿಕೆ ಶೇ. 39. ಸವಾಲು ಮತ್ತು ಪ್ರಮಾಣ, ಎರಡೂ ಬೇಕು. ಬೆಳಗಿನ ವಾಕಿಂಗ್ ಹೃದಯಕ್ಕೆ, ಮನಸ್ಸಿಗೆ ಒಳ್ಳೆಯದು. ಬೀಳುವುದನ್ನು ಅದೊಂದೇ ತಡೆಯುತ್ತದೆ ಎನ್ನಲು ಆಧಾರ ಸಾಲದು.

ಸವಾಲಿನ ಕೊನೆಯ ಮೆಟ್ಟಿಲು ಬೀಳುವಂತೆ ಮಾಡಿಯೇ ಕಲಿಸುವುದು. ಷಿಕಾಗೋದಲ್ಲಿ ಯಿ-ಚುಂಗ್ ಪೈ ಬಳಗ 212 ಹಿರಿಯರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೇಲಿನಿಂದ ಬೆಲ್ಟ್ ಬಿಗಿದು ಸುರಕ್ಷಿತವಾಗಿಸಿ, ನಡೆಯುವಾಗ ಕಾಲಡಿಯ ಹಲಗೆ ಜಾರುವಂತೆ ಒಂದೇ ಕಲಾಪದಲ್ಲಿ 24 ಸಲ ಮಾಡಲಾಯಿತು. ಮುಂದಿನ ಒಂದು ವರ್ಷದಲ್ಲಿ ಬೀಳುವ ಅಪಾಯ ಶೇ. 34ರಿಂದ 15ಕ್ಕೆ ಇಳಿಯಿತು. ದೇಹ ಜಾರುವ ಮೊದಲೇ ತನ್ನ ಭಾರವನ್ನು ತುಸು ಮುಂದಕ್ಕೆ ತಂದುಕೊಳ್ಳುವುದನ್ನೂ ಪಾದವನ್ನು ಚಪ್ಪಟೆಯಾಗಿ ಊರುವುದನ್ನೂ ಕಲಿಯುತ್ತದೆ, ಕಲಿತದ್ದನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತದೆ. ಆದರೆ ಟೊರೊಂಟೊದ ಅವ್ರಿಲ್ ಮ್ಯಾನ್ಸ್‌ಫೀಲ್ಡ್ ಬಳಗ ಇಂಥದೇ ತರಬೇತಿಯನ್ನು ಲಕ್ವವಾಗಿ ಬಹುಕಾಲ ಕಳೆದ 88 ಮಂದಿಗೆ ಕೊಟ್ಟಾಗ (2018) ಬೀಳುವ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮುಪ್ಪಿನಲ್ಲಿ ಗೆದ್ದ ವಿಧಾನವನ್ನು ನರರೋಗಕ್ಕೆ ಹಾಗೇ ಎತ್ತಿಕೊಳ್ಳಲಾಗದು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಬೇರೊಂದು ಬಾಗಿಲು ತೆರೆದಿದೆ. ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವ ರೋಗಿ, ನೆಲದ ಮೇಲೆ ಅಡ್ಡಗೆರೆ ಎಳೆದರೆ ಅವುಗಳನ್ನು ದಾಟುತ್ತ ನಡೆಯಬಲ್ಲ. ಬ್ರಿಟನ್ನಿನ ಜೇಮ್ಸ್ ಪರ್ಡನ್ ಮಾರ್ಟಿನ್ 1960ರ ದಶಕದಲ್ಲೇ ಇದನ್ನು ದಾಖಲಿಸಿದ್ದರು. ತಾನಾಗಿ ಹುಟ್ಟದ ಹೆಜ್ಜೆಯನ್ನು ಗೆರೆ ಅಥವಾ ತಾಳ ಹೊರಗಿನಿಂದ ಎಬ್ಬಿಸುತ್ತದೆ. 2012ರಲ್ಲಿ ಪ್ರಕಟವಾದ, ಅಮೆರಿಕದ ಆರೆಗನ್‌ನಲ್ಲಿ 195 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ತಾಯ್ ಚಿ ಅಭ್ಯಾಸ ಸಮತೋಲವನ್ನು ಸುಧಾರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಣೇಶನ್, ಸತ್ಯಪ್ರಭಾ, ಗುಪ್ತಾ ಮತ್ತು ಪಾಲ್ 60 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದೇಹದ ಭಾರದ ಶೇ. 20ನ್ನು ಮೇಲಿನಿಂದ ಹೊತ್ತು ನಾಲ್ಕು ವಾರ ಟ್ರೆಡ್‌ಮಿಲ್ ನಡಿಗೆ ಮಾಡಿಸಿದರು. ಸಾಮಾನ್ಯ ನಡಿಗೆ ತರಬೇತಿಗಿಂತ ಸಮತೋಲ ಹೆಚ್ಚು ಸುಧಾರಿಸಿತು. ನಮ್ಮದೇ ನೆಲದ ರೋಗಿಗಳಿಂದ ಬಂದ ಈ ಪುರಾವೆ ಅಮೂಲ್ಯ. ಅದರ ಮುಂದಿನ ಪ್ರಶ್ನೆ, ಮನೆಗೆ ಹೋದ ಮೇಲೆ ಅವರು ಎಷ್ಟು ಸಲ ಬಿದ್ದರು ಎಂಬುದು. ಸಮಯವೂ ಮುಖ್ಯ. ಸಿಡ್ನಿಯ ಕಾಲೀನ್ ಕ್ಯಾನಿಂಗ್ ಬಳಗ 231 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ (2015) ಕಾಯಿಲೆ ಇನ್ನೂ ಹಗುರವಾಗಿದ್ದವರಲ್ಲಿ ವ್ಯಾಯಾಮದಿಂದ ಬೀಳುವುದು ಬಹಳ ತಗ್ಗಿತು. ಕಾಯಿಲೆ ಬಲಿತವರಲ್ಲಿ ತಗ್ಗಲಿಲ್ಲ. ಬೀಳಲು ಶುರುವಾದ ಮೇಲೆ ಫಿಸಿಯೋಥೆರಪಿಗೆ ಕಳಿಸುವ ನಮ್ಮ ಪದ್ಧತಿ ಆ ಒಳ್ಳೆಯ ಕಾಲವನ್ನು ಕಳೆದುಬಿಡುತ್ತದೆ.

ಬಡ ದೇಶಗಳ ದೃಷ್ಟಿಯಿಂದ ಎರಡು ದೊಡ್ಡ ಪ್ರಯೋಗಗಳನ್ನು ಒಟ್ಟಿಗೆ ಓದಬೇಕು. ಪಮೇಲಾ ಡಂಕನ್ ಬಳಗ ಅಮೆರಿಕದಲ್ಲಿ ಲಕ್ವದ 408 ರೋಗಿಗಳನ್ನು ಹಂಚಿ, ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ದೇಹಭಾರ ಹೊರುವ ಟ್ರೆಡ್‌ಮಿಲ್ ತರಬೇತಿ, ಉಳಿದವರಿಗೆ ಮನೆಯಲ್ಲೇ ಶಕ್ತಿ ಮತ್ತು ಸಮತೋಲದ ವ್ಯಾಯಾಮ ಕೊಟ್ಟಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ; ಒಂದು ವರ್ಷದ ಕೊನೆಗೆ ಒಟ್ಟು ಶೇ. 52 ಮಂದಿಯ ನಡಿಗೆ ಸುಧಾರಿಸಿತ್ತು. ನಡೆಯಲು ತೀರಾ ಕಷ್ಟವಿದ್ದವರಲ್ಲಿ, ಬೇಗ ಟ್ರೆಡ್‌ಮಿಲ್ ಹತ್ತಿದವರು ಮತ್ತೆ ಮತ್ತೆ ಬೀಳುವುದು ಹೆಚ್ಚಿತ್ತು. ಭಾರತದ 14 ಆಸ್ಪತ್ರೆಗಳಲ್ಲಿ ಲಕ್ವದ 1250 ರೋಗಿಗಳೊಂದಿಗೆ ನಡೆದು 2017ರಲ್ಲಿ ಪ್ರಕಟವಾದ 'ಅಟೆಂಡ್' ಪ್ರಯೋಗ ಒಂದು ಗುಂಪಿನ ರೋಗಿಗಳ ಮನೆಯವರಿಗೇ ಪುನಶ್ಚೇತನದ ತರಬೇತಿ ಕೊಟ್ಟು ಕಳಿಸಿತು. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ. 47.

ಎರಡರಲ್ಲೂ ಜಾಗ ಮನೆಯೇ. ಡಂಕನ್ ಪ್ರಯೋಗದಲ್ಲಿ ಮಾತ್ರ ಫಿಸಿಯೋಥೆರಪಿಸ್ಟ್ ಆ ಮನೆಗೆ ಬರುತ್ತಿದ್ದರು. 36 ಕಲಾಪಗಳ, ಪ್ರತಿ ಸಲ ಒಂದೂವರೆ ಗಂಟೆಯ ಕಾರ್ಯಕ್ರಮ ಅದು. ದುಬಾರಿ ಯಂತ್ರವಿಲ್ಲದೆ ನಡೆಯುತ್ತದೆ, ಪಳಗಿದ ಕೈಯಿಲ್ಲದೆ ನಡೆಯುವುದು ಕಷ್ಟ ಎಂದು ನಾನು ಈ ಎರಡನ್ನೂ ಓದುತ್ತೇನೆ. ಮನೆಯವರ ಅಕ್ಕರೆಯ ಬಗ್ಗೆ ಇಲ್ಲಿ ಅನುಮಾನವಿಲ್ಲ. ಆದರೆ ಆ ಅಕ್ಕರೆ "ನೀವು ಏಳಬೇಡಿ ಅಜ್ಜಿ, ನಾನು ತಂದುಕೊಡ್ತೀನಿ" ಎನ್ನುತ್ತದೆ. ಒಮ್ಮೆ ಬಿದ್ದ ಹಿರಿಯರಿಗೆ ಬೀಳುವ ಭಯವೇ ಒಂದು ಕಾಯಿಲೆಯಾಗುತ್ತದೆ. ಮನೆಯವರ ಭಯವೂ ಅದಕ್ಕೆ ಸೇರಿದರೆ ಕಾಲು ಇನ್ನಷ್ಟು ಸೊರಗುತ್ತದೆ. ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬೇಕು, ಯಾವಾಗ ಕೈ ಬಿಡಬೇಕು, ಎಲ್ಲಿ ನಿಂತು ಕಾಯಬೇಕು ಎಂಬ ನಿರ್ಣಯ ಅನುಭವದಿಂದ ಬರುವ ವಿದ್ಯೆ. ಕೆಲವು ಗಂಟೆಗಳ ತರಬೇತಿಯಲ್ಲಿ ಅದನ್ನು ಮಗಳಿಗೋ ಸೊಸೆಗೋ ದಾಟಿಸಲಾಗದು.

ಸಿಡ್ನಿಯ ಲಿಂಡಿ ಕ್ಲೆಮ್ಸನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರಿಸುತ್ತದೆ. ಈಗಾಗಲೇ ಬಿದ್ದಿದ್ದ, 70 ದಾಟಿದ 317 ಮಂದಿಯ ಈ ಪ್ರಯೋಗದಲ್ಲಿ ವ್ಯಾಯಾಮಕ್ಕೆ ಬೇರೆ ಹೊತ್ತು ಇಡದೆ, ದಿನದ ಕೆಲಸಗಳೊಳಗೇ ಸಮತೋಲದ ಅಭ್ಯಾಸವನ್ನು ಸೇರಿಸಲಾಯಿತು. ಬೀಳುವ ಪ್ರಮಾಣ ಶೇ. 31 ತಗ್ಗಿತು. ಥೆರಪಿಸ್ಟ್ ಕೆಲವು ಸಲ ಮನೆಗೆ ಬಂದು ಕಲಿಸಿ, ಫೋನಿನಲ್ಲಿ ವಿಚಾರಿಸುತ್ತಿದ್ದರು. ನಮ್ಮಲ್ಲಾದರೆ ಅಡುಗೆಕಟ್ಟೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು, ಹೂ ಬಿಡಿಸುವಾಗ ತುದಿಗಾಲಲ್ಲಿ ಚಾಚುವುದು, ಮಣೆಯಿಂದ ಕೈಯೂರದೆ ಏಳುವುದು ಅದರ ಪಾಠವಾಗಬಹುದು.

ಇದನ್ನು ಕರ್ನಾಟಕದಲ್ಲಿ ಪರೀಕ್ಷಿಸುವ ನೆಲೆಗಳು ಸಿದ್ಧವಾಗಿವೆ. ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ವಯಸ್ಸಾಗುವವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್ ತೆರೆದಿದೆ. ಅಲ್ಲಿಗೆ ಬರುವ ಹಿರಿಯರನ್ನೂ ಲಕ್ವ ಮತ್ತು ಪಾರ್ಕಿನ್ಸನ್ ರೋಗಿಗಳನ್ನೂ ಪ್ರತ್ಯೇಕವಾಗಿ ಹಂಚಿ, ಒಂದು ಗುಂಪಿಗೆ ರೂಢಿಯ ಸಲಹೆ, ಇನ್ನೊಂದಕ್ಕೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ದಿನಚರಿಯೊಳಗೆ ಕಲಿಸುವ ಅಭ್ಯಾಸ ಕೊಟ್ಟು ಒಂದು ವರ್ಷ ನೋಡಬೇಕು. ಮುಖ್ಯ ಅಳತೆ ಬರ್ಗ್ ಅಂಕವಾಗಬಾರದು. ಆಶಾ ಕಾರ್ಯಕರ್ತೆ ಪ್ರತಿ ತಿಂಗಳು ವಿಚಾರಿಸಿ ಬರೆದುಕೊಳ್ಳುವ ಬೀಳುವಿಕೆಯ ದಾಖಲೆಯೇ ಆ ಅಳತೆಯಾಗಬೇಕು. ಎಷ್ಟು ಸಲ ಎಂಬುದರ ಜೊತೆಗೆ ಎಲ್ಲಿ, ಏನು ಮಾಡುತ್ತಿದ್ದಾಗ, ಕಾಲಲ್ಲಿ ಚಪ್ಪಲಿ ಇತ್ತೇ, ಬಿದ್ದ ಮೇಲೆ ತಾವೇ ಎದ್ದರೇ ಎಂಬುದೂ ಅದರಲ್ಲಿರಬೇಕು.