ಕಂಬಾರನ ಕುಲುಮೆಯೂ ನೀರೊಳಗಿನ ದೋಣಿಯೂ

ಜೇವರ್ಗಿ ಸೀಮೆಯ ಇಜೇರಿಯಲ್ಲಿ ನಿಂತು ಸಮುದ್ರದ ಮಾತನಾಡಿದರೆ ಕೇಳಿದವರು ನಕ್ಕಾರು. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆ ಜೋಳ-ತೊಗರಿ ಬೆಳೆಯುವ ಕಪ್ಪು ನೆಲದ ಸೀಮೆ. ಅಲ್ಲಿ ನೀರೆಂದರೆ ಭೀಮಾ ನದಿಯ ನೀರು, ಇಲ್ಲವೆ ಬಾವಿಯ ನೀರು. ಆದರೂ ಸಮುದ್ರದ ತಳಕ್ಕಿಳಿಯುವ ಸಬ್‌ಮರೀನಿನ ಕಥೆಯನ್ನು ಇಜೇರಿಯಂಥ ಊರಿನ ಕಂಬಾರಸಾಲೆಯಿಂದಲೇ ಆರಂಭಿಸಬಹುದೆಂದು ನನಗೆ ತೋರುತ್ತದೆ. ಕಾರಣವನ್ನು ಹೇಳುತ್ತೇನೆ, ತಾವೇ ವಿಚಾರ ಮಾಡಿ ನೋಡಿ.

ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ತಮ್ಮಲ್ಲಿ ಹಲವರು ಬಾಲ್ಯದಲ್ಲಿ ನೋಡಿದ್ದೀರಿ. ಹಳಿಯ ಅಳತೆ ಗಾಲಿಗಿಂತ ಕೊಂಚ ಚಿಕ್ಕದು. ಅದನ್ನು ಬೆಂಕಿಯಲ್ಲಿ ಕಾಯಿಸಿದರೆ ಹಿಗ್ಗುತ್ತದೆ. ಗಾಲಿಯ ಮೇಲೆ ಕೂರಿಸಿ ನೀರು ಹೊಯ್ದರೆ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆದರೆ ಅದಕ್ಕೂ ಮೊದಲು ಹಳಿಯ ಎರಡು ತುದಿಗಳನ್ನು ಬೆಸೆಯಬೇಕಷ್ಟೆ? ಇಲ್ಲಿಯೇ ಕಂಬಾರನ ಪರೀಕ್ಷೆ. ತುದಿಗಳ ನಡುವೆ ಕಿಟ್ಟ ಸಿಕ್ಕಿಕೊಂಡರೆ, ಇಲ್ಲವೆ ಕಾವು ಸಾಲದೆ ಹೋದರೆ, ಬೆಸುಗೆ ಮೇಲೆ ಕೂಡಿದಂತೆ ಕಂಡು ಒಳಗೆ ಬಿಟ್ಟೇ ಇರುತ್ತದೆ. ಅನುಭವಸ್ಥನು ಸುತ್ತಿಗೆಯಿಂದ ತಟ್ಟಿ ನಾದ ಕೇಳುತ್ತಾನೆ. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಬೊದ್ದೆಂದು ಸದ್ದು ಮಾಡುತ್ತದೆ. ಸದ್ದು ಸರಿಬರದಿದ್ದರೆ ಅವನು ಅದರ ಮೇಲೆ ಇನ್ನೊಂದು ತುಂಡು ಬಡಿದು ಮುಚ್ಚುವುದಿಲ್ಲ. ಕತ್ತರಿಸಿ, ಕಿಟ್ಟ ತೆಗೆದು, ಮತ್ತೆ ಕಾಯಿಸಿ ಬೆಸೆಯುತ್ತಾನೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರದೇ ವಿಸ್ತಾರ.

ನಮ್ಮ ನಾಡಿನಲ್ಲಿ ಈ ವಿದ್ಯೆ ಗಾಲಿಗೇ ನಿಲ್ಲಲಿಲ್ಲ. ವಿಜಾಪುರದ ಉಪ್ಪಲಿ ಬುರುಜನ್ನು ಹತ್ತಿದವರು ಅಲ್ಲಿ ಮೂವತ್ತು ಅಡಿಗೂ ಉದ್ದವಾದ ಕಬ್ಬಿಣದ ತೋಪನ್ನು ನೋಡಿರಬೇಕು. ಅದನ್ನು ಎರಕ ಹೊಯ್ದದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಬಳೆಗಳನ್ನು ತೊಡಿಸಿ ಕಟ್ಟಿದ್ದು. ಅದೇ ಊರಿನ ಮಲಿಕ್-ಎ-ಮೈದಾನ ೧೫೪೯ರಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು ೫೫ ಟನ್. ಕಲಬುರಗಿಯ ಕೋಟೆಯಲ್ಲಿಯೂ ಉದ್ದನೆಯ ತೋಪುಗಳಿವೆ. ತೋಪಿನ ಒಳಗೆ ಮದ್ದು ಸಿಡಿದಾಗ ಒತ್ತಡ ಹೊರಮುಖವಾಗಿ ನುಗ್ಗುತ್ತದೆ. ಎಲ್ಲಿಯಾದರೂ ಬೆಸುಗೆ ಬಿಟ್ಟಿದ್ದರೆ ಮೊದಲು ಸಾಯುವವನು ಶತ್ರುವಲ್ಲ, ಪಕ್ಕದಲ್ಲಿ ನಿಂತ ಗೋಲಂದಾಜ.

ಸಬ್‌ಮರೀನು ಈ ತೋಪಿನ ತಿರುವುಮುರುವು. ಅಲ್ಲಿ ಒತ್ತಡ ಒಳಗಿನಿಂದ, ಇಲ್ಲಿ ಹೊರಗಿನಿಂದ. ಪ್ರತಿ ಹತ್ತು ಮೀಟರ್ ಆಳಕ್ಕೆ, ಒಂದು ಚದರ ಮೀಟರ್ ತಗಡಿನ ಮೇಲೆ ಸುಮಾರು ಹತ್ತು ಟನ್ ಭಾರ ಹೆಚ್ಚುತ್ತ ಹೋಗುತ್ತದೆ. ದುಂಡಗಿನ ಕೊಳವೆ ಈ ಭಾರವನ್ನು ಸುತ್ತಲೂ ಸಮನಾಗಿ ಹಂಚಿಕೊಂಡು ತಡೆಯುತ್ತದೆ. ಅದರ ಒಂದು ಮಗ್ಗುಲು ಚಪ್ಪಟೆಯಾದರೆ ಅಲ್ಲಿಯೇ ತಗ್ಗು ಬಿದ್ದು, ಡಬ್ಬಿಯನ್ನು ಹಿಸುಕಿದಂತೆ ನಜ್ಜುಗುಜ್ಜಾಗುತ್ತದೆ.

ಈ ಪಾಠವನ್ನು ಪ್ರಾಣ ಪಣವಿಟ್ಟು ಕಲಿತವನು ವಿಲ್‌ಹೆಲ್ಮ್ ಬಾವರ್ ಎಂಬ ಜರ್ಮನ್ ಸೈನಿಕ. ಅವನು ಬವೇರಿಯದವನು; ಕಲಿತ ಕಸಬು ಮರಗೆಲಸದ ಕಡಸಲು. ಡೇನರ ನೌಕಾಪಡೆ ಕೀಲ್ ಬಂದರಿಗೆ ಮುತ್ತಿಗೆ ಹಾಕಿದ್ದ ಕಾಲ. ನೀರೊಳಗೆ ಹೋಗಿ ಆ ಹಡಗುಗಳನ್ನು ಮುಳುಗಿಸಬೇಕೆಂದು ಅವನು ಯೋಜನೆ ಹೂಡಿದ. ಹಣ ಸಾಲದಾಯಿತು. ಕೀಲ್‌ನ ಷ್ವೆಫೆಲ್ ಮತ್ತು ಹೋವಾಲ್ಟ್ ಕಾರ್ಖಾನೆಯಲ್ಲಿ ದೋಣಿಯೇನೋ ಸಿದ್ಧವಾಯಿತು. ಆದರೆ ಮಿತವ್ಯಯಕ್ಕಾಗಿ ಅವನು ಕೇಳಿದ್ದಕ್ಕಿಂತ ತೆಳು ತಗಡು ಹಾಕಿದ್ದರು. ಮುಳುಗಲು ತುಂಬಿಕೊಳ್ಳುವ ನೀರಿಗೆ ಬೇರೆ ತೊಟ್ಟಿಗಳನ್ನೂ ಮಾಡಲಿಲ್ಲ. ನೀರು ದೋಣಿಯ ಹೊಟ್ಟೆಯಲ್ಲಿಯೇ ಅತ್ತಿತ್ತ ಹರಿದಾಡುವಂತಾಯಿತು.

೧೮೫೧ರ ಫೆಬ್ರವರಿ ೧ರಂದು ಬಾವರ್ ಇಬ್ಬರು ಸಂಗಡಿಗರೊಡನೆ ಮುಳುಗಿದ. ದೋಣಿ ಹಿಂದಕ್ಕೆ ವಾಲಿತು; ಒಳಗಿನ ನೀರೆಲ್ಲ ಹಿಂಬದಿಗೆ ನುಗ್ಗಿತು; ತಗಡು ಒಳಕ್ಕೆ ತಗ್ಗಿತು; ದೋಣಿ ಬಂದರಿನ ತಳ ಸೇರಿತು. ಬಾಗಿಲನ್ನು ತೆರೆಯಹೋದರೆ ಹೊರಗಿನ ನೀರಿನ ಭಾರ ಬಿಡದು. ಆಗ ಬಾವರನ ತಲೆಗೆ ವಿಪರೀತವೆಂದು ತೋರುವ ಉಪಾಯ ಹೊಳೆಯಿತು: ನೀರನ್ನು ತಡೆಯುವುದು ಬೇಡ, ಒಳಕ್ಕೇ ಬಿಡೋಣ. ನೀರು ಏರಿ ಒಳಗಿನ ಗಾಳಿ ಒತ್ತಿಕೊಂಡು ಒಳಗೂ ಹೊರಗೂ ಒತ್ತಡ ಸಮವಾದಾಗ ಬಾಗಿಲು ತಾನಾಗಿ ಸಡಿಲುತ್ತದೆ. ಚಳಿಯ ನೀರಿನಲ್ಲಿ ಗಂಟೆಗಟ್ಟಲೆ ಕಾಯಲು ಸಂಗಡಿಗರನ್ನು ಒಪ್ಪಿಸುವುದೇ ಅವನಿಗೆ ದೊಡ್ಡ ಕೆಲಸವಾಯಿತು. ಕೊನೆಗೆ ಬಾಗಿಲು ತೆರೆಯಿತು. ಮೂವರೂ ಬದುಕಿ ಮೇಲೆ ಬಂದರು. ಆ ದೋಣಿಯನ್ನು ೧೮೮೭ರಲ್ಲಿ ಮೇಲೆತ್ತಿದರು. ಈಗ ಅದು ಡ್ರೆಸ್ಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಬಾವರ್ ಎದೆಗುಂದದೆ ರಷ್ಯಕ್ಕೆ ಹೋಗಿ ಇನ್ನೊಂದು ದೋಣಿ ಕಟ್ಟಿದ. ಅದು ನೂರಕ್ಕೂ ಹೆಚ್ಚು ಬಾರಿ ಮುಳುಗಿ ಎದ್ದಿತು.

ಇನ್ನೊಬ್ಬ ಶಾಲಾ ಮಾಸ್ತರ. ಹೆಸರು ಜಾನ್ ಹಾಲೆಂಡ್. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದವನು. ೧೮೭೮ರಲ್ಲಿ ಅವನು ಪ್ಯಾಟರ್ಸನ್ ಊರಿನ ಪಸೇಯಿಕ್ ನದಿಯಲ್ಲಿ ಸುಮಾರು ಹದಿನಾಲ್ಕು ಅಡಿಯ ಪುಟ್ಟ ದೋಣಿಯನ್ನು ಇಳಿಸಿದ. ಅದು ಮುಳುಗಿಯೇ ಹೋಯಿತು. ಮೇಲೆತ್ತಿ ಸರಿಪಡಿಸಿದ. ಎಂಜಿನ್ ಕೈಕೊಟ್ಟಿತು. ಪಕ್ಕದ ದೋಣಿಯಿಂದ ಕೊಳವೆಯ ಮೂಲಕ ಉಗಿ ತಂದು ನಡೆಸಿದ. ಪರೀಕ್ಷೆ ಮುಗಿದ ಮೇಲೆ ಬೇಕಾದ ಯಂತ್ರಭಾಗಗಳನ್ನು ಕಳಚಿಕೊಂಡು ದೋಣಿಯನ್ನು ತಾನೇ ನದಿಯಲ್ಲಿ ಮುಳುಗಿಸಿಬಿಟ್ಟ. ಕಲಿಯಬೇಕಾದುದನ್ನು ಅದರಿಂದ ಕಲಿತಾಗಿತ್ತು. ಇಪ್ಪತ್ತೆರಡು ವರ್ಷಗಳ ಬಳಿಕ, ೧೯೦೦ರಲ್ಲಿ, ಅವನ ಆರನೆಯ ದೋಣಿಯನ್ನು ಅಮೆರಿಕದ ನೌಕಾಪಡೆ ಕೊಂಡಿತು.

ಇಂಥ ಕೆಲಸದಲ್ಲಿ ತಪ್ಪಾದರೆ ತಿದ್ದುವುದು ಹೇಗೆ? ಮೊಳೆ ಬಡಿದು ಕೂಡಿಸುತ್ತಿದ್ದ ಕಾಲದಲ್ಲಿ ಸಂದು ಸೋರಿದರೆ ತಗಡಿನ ಅಂಚನ್ನು ಮೊಂಡ ಉಳಿಯಿಂದ ಬಡಿದು ಒತ್ತಿ ಸೇರಿಸುತ್ತಿದ್ದರು; ಸಡಿಲಾದ ಮೊಳೆಯನ್ನು ಕಿತ್ತು ಹೊಸದನ್ನು ಹಾಕುತ್ತಿದ್ದರು. ವಿದ್ಯುತ್ ಬೆಸುಗೆ ಬಂದ ಮೇಲೆ ತಪ್ಪುಗಳ ರೂಪ ಬದಲಾಯಿತು. ಕಿಟ್ಟ ಒಳಗೆ ಉಳಿಯುವುದು, ಗಾಳಿಗುಳ್ಳೆ ಕೂರುವುದು, ಬೆಸುಗೆಯ ಬೇರು ತುಂಬದಿರುವುದು, ತಣಿಯುವಾಗ ಕೂದಲೆಳೆಯಂಥ ಸೀಳು ಬಿಡುವುದು. ಇವುಗಳ ಮೇಲೆ ಇನ್ನೊಂದು ಪದರ ಬೆಸುಗೆ ಎಳೆದರೆ ಕಣ್ಣಿಗೆ ಮರೆಯಾಗುತ್ತವೆಯೇ ಹೊರತು ಹೋಗುವುದಿಲ್ಲ. ದೋಷವಿರುವ ಲೋಹವನ್ನು ಒಳ್ಳೆಯ ಲೋಹ ಕಾಣುವವರೆಗೆ ಉಜ್ಜಿ ತೆಗೆಯಬೇಕು. ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡದು. ಬಳಿಕ ಪದರಪದರವಾಗಿ, ಪ್ರತಿ ಪದರದ ಕಿಟ್ಟವನ್ನು ತೆಗೆಯುತ್ತ ತುಂಬಬೇಕು. ಒಂದೇ ಮಗ್ಗುಲಲ್ಲಿ ಬೆಸೆಯುತ್ತ ಹೋದರೆ ಕಾವಿನಿಂದ ಕೊಳವೆ ಸೊಟ್ಟಗಾಗುತ್ತದೆ. ಆದ್ದರಿಂದ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬೆಸೆಯುತ್ತಾರೆ.

ಪರೀಕ್ಷೆಯ ಒಂದು ಉಪಾಯ ನಮ್ಮ ಮನೆಯ ಸಾಮಾನಿನಿಂದಲೇ ಆಗುವಂಥದು. ಬೆಸುಗೆಯ ಒಂದು ಬದಿಗೆ ಸುಣ್ಣದ ತೆಳುನೀರು ಬಳಿದು ಒಣಗಿಸಿ, ಇನ್ನೊಂದು ಬದಿಗೆ ಚಿಮಣಿ ಎಣ್ಣೆಯನ್ನು ಸವರಿ ಕಾಯಿರಿ. ಕಣ್ಣಿಗೆ ಕಾಣದ ರಂಧ್ರವಿದ್ದರೂ ಎಣ್ಣೆ ಒಸರಿ ಸುಣ್ಣದ ಮೇಲೆ ಕಪ್ಪು ಕಲೆ ಮೂಡುತ್ತದೆ. ಆದರೆ ಸೋರದ ಬೆಸುಗೆಯೆಲ್ಲ ಭಾರ ತಡೆಯುವ ಬೆಸುಗೆಯೆಂದು ತಿಳಿಯಬಾರದು. ಮೊದಲ ಸಲ ದೋಣಿಯಲ್ಲಿ ಮನುಷ್ಯರನ್ನು ಕೂರಿಸದೆ, ಹಗ್ಗ ಕಟ್ಟಿ ಇಳಿಸಿ ನೋಡುವುದು ಅದಕ್ಕಾಗಿಯೇ.

ಇದೆಲ್ಲ ಬಡಪಾಯಿ ಹವ್ಯಾಸಿಗಳ ತೊಂದರೆಯೆಂದು ಎಣಿಸಬೇಡಿ. ೧೯೬೩ರ ಏಪ್ರಿಲ್ ೧೦ರಂದು ಅಮೆರಿಕದ ಥ್ರೆಷರ್ ಎಂಬ ಅಣುಶಕ್ತಿಯ ಸಬ್‌ಮರೀನು ಆಳದ ಪರೀಕ್ಷೆಯಲ್ಲಿ ೧೨೯ ಜನರೊಡನೆ ನಾಶವಾಯಿತು. ಎಂಜಿನ್ ಕೋಣೆಯಲ್ಲಿ ಸಮುದ್ರದ ನೀರಿನ ಕೊಳವೆಯೊಂದರ ಸಂದು ಬಿಟ್ಟಿರಬೇಕೆಂದು ವಿಚಾರಣೆ ನಡೆಸಿದವರು ಊಹಿಸಿದರು. ಆ ಸಂದುಗಳನ್ನು ಬೆಳ್ಳಿ ಬೆರೆಸಿದ ಬೆಸುಗೆಯಿಂದ ಕೂಡಿಸಲಾಗಿತ್ತು. ದುರಂತಕ್ಕೆ ಮುಂಚೆ ಹಡಗುಕಟ್ಟೆಯಲ್ಲಿ ಅಂಥ ೧೪೫ ಸಂದುಗಳನ್ನು ಶಬ್ದತರಂಗದಿಂದ ಪರೀಕ್ಷಿಸಿದಾಗ ಸುಮಾರು ನೂರಕ್ಕೆ ೧೪ರಷ್ಟು ಕಳಪೆಯೆಂದು ಕಂಡುಬಂದಿದ್ದವು. ಉಳಿದ ಸಂದುಗಳ ಪರೀಕ್ಷೆ ಪೂರ್ಣವಾಗಲಿಲ್ಲ; ದೋಣಿ ಸಮುದ್ರಕ್ಕೆ ಹೊರಟಿತು. ಕಂಬಾರ ತಟ್ಟಿ ನಾದ ಕೇಳುವುದೂ ಈ ಶಬ್ದತರಂಗದ ಪರೀಕ್ಷೆಯೂ ತತ್ತ್ವದಲ್ಲಿ ನೆಂಟರು. ಆದರೆ ಬೊದ್ದೆಂಬ ಸದ್ದನ್ನು ಕೇಳಿದ ಮೇಲೂ ಗಾಲಿಗೆ ಹಳಿ ತೊಡಿಸಿ ಬಂಡಿ ಹೂಡಿದರೆ ಕೇಳಿದ್ದರ ಪ್ರಯೋಜನವೇನು? ಆ ವರ್ಷವೇ ಅಮೆರಿಕದ ನೌಕಾಪಡೆ ಕಟ್ಟುನಿಟ್ಟಾದ ಹೊಸ ನಿಯಮಗಳನ್ನು ಮಾಡಿತು. ಇಂತಿಂಥ ಸಂದನ್ನು ಯಾರು ಬೆಸೆದರು, ಯಾರು ಪರೀಕ್ಷಿಸಿದರು ಎಂಬುದು ಅಂದಿನಿಂದ ಬರಹದಲ್ಲಿ ಉಳಿಯಬೇಕಾಯಿತು.

ನಮ್ಮ ನೌಕಾಪಡೆಗೆ ಮೊದಲ ಸಬ್‌ಮರೀನು ‘ಕಲ್ವರಿ’ ಸೇರಿದ್ದು ೧೯೬೭ರಲ್ಲಿ, ಸೋವಿಯತ್ ಒಕ್ಕೂಟದಿಂದ. ಮುಂದೆ ‘ಶಿಶುಮಾರ್’ ವರ್ಗದ ಎರಡು ದೋಣಿಗಳು ೧೯೮೬ರಲ್ಲಿ ನೌಕಾಪಡೆಗೆ ಸೇರಿದವು. ಅವುಗಳನ್ನು ಕಟ್ಟಿದ ಊರು ಕೀಲ್. ಕಟ್ಟಿದ ಸಂಸ್ಥೆ, ಬಾವರನ ದೋಣಿಯನ್ನು ಕಟ್ಟಿದ ಅದೇ ಹೋವಾಲ್ಟ್ ಮನೆತನದ ಕಾರ್ಖಾನೆಯಿಂದ ಬೆಳೆದು ಬಂದದ್ದು. ಅದೇ ವರ್ಗದ ‘ಶಾಲ್ಕಿ’ ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಸಿದ್ಧವಾಗಿ ೧೯೯೨ರ ಫೆಬ್ರವರಿ ೭ರಂದು ಸೇವೆಗೆ ಸೇರಿತು. ಭಾರತದಲ್ಲಿ ಕಟ್ಟಿದ ಮೊದಲ ಸಬ್‌ಮರೀನು ಅದು. ತೆಳು ತಗಡಿನ ದೋಣಿ ಮುಳುಗಿದ ಊರಿನ ವಿದ್ಯೆ ನೂರ ನಲವತ್ತು ವರ್ಷಗಳ ತಿದ್ದುಪಡಿಗಳನ್ನು ಹೊತ್ತು ನಮ್ಮ ಕರಾವಳಿಗೂ ಬಂದಿತೆನ್ನಬಹುದು.

ತಮ್ಮ ಮನೆಯ ಹುಡುಗನೊಬ್ಬ ತಗಡು, ಬೆಸುಗೆಯ ಕಡ್ಡಿಗಳನ್ನು ಹರಡಿಕೊಂಡು ಮುಳುಗುವ ದೋಣಿ ಮಾಡುತ್ತೇನೆಂದರೆ ಗದರಿಸಬೇಡಿ. ಅಂಗೈಯಗಲದ್ದನ್ನು ಮಾಡಲಿ, ಬಾವಿಗೆ ದಾರ ಕಟ್ಟಿ ಇಳಿಸಲಿ. ತಾನು ಮಾತ್ರ ಅದರಲ್ಲಿ ಕೂರಬಾರದೆಂಬುದನ್ನು ಖಂಡಿತವಾಗಿ ಹೇಳಿ. ದೋಣಿ ಮೇಲೆ ಬಂದಾಗ ಒಳಗೆ ನೀರಿದ್ದರೆ ಅರಗು ಮೆತ್ತಿ ಮುಚ್ಚಲು ಬಿಡದೆ, ಸೋರಿದ ಸಂದನ್ನು ಬಿಚ್ಚಿಸಿ ನೋಡಿ. ಊರಿನಲ್ಲಿ ಕಂಬಾರನಿದ್ದರೆ ಅವನ ಬಳಿ ಒಮ್ಮೆ ಕರೆದುಕೊಂಡು ಹೋಗಿ. ಮಿಕ್ಕದ್ದನ್ನು ಅವನೇ ತಟ್ಟಿ ತೋರಿಸುತ್ತಾನೆ.