ಕೊಳವೆಮಾರ್ಗಗಳ ಒಳತಪಾಸಣೆ

ತೈಲ, ಅನಿಲ ಸಾಗಿಸುವ ಉಕ್ಕಿನ ಕೊಳವೆಗಳು ತುಕ್ಕಿನಿಂದ ಎಲ್ಲಿ, ಎಷ್ಟು ಸವೆದಿವೆ ಎಂಬುದನ್ನು ಅವುಗಳೊಳಗೇ ಉಪಕರಣ ಓಡಿಸಿ ಅಳೆಯುವ ವಿಧಾನ. ನೆಲದಡಿ ಹೂತ ಕೊಳವೆಯನ್ನು ಹೊರಗಿನಿಂದ ನೋಡಲು ನೂರಾರು ಕಿಲೋಮೀಟರ್ ಅಗೆಯಬೇಕು. ಒಳಗೋಡೆಯ ಸವಕಳಿಯಂತೂ ಅಗೆದರೂ ಕಣ್ಣಿಗೆ ಬೀಳದು. ಹರಿಯುವ ತೈಲ ಅಥವಾ ಅನಿಲದ ಒತ್ತಡವೇ ಉಪಕರಣವನ್ನು ತಳ್ಳಿಕೊಂಡು ಹೋಗುವುದರಿಂದ ಸಾಗಣೆಯನ್ನು ನಿಲ್ಲಿಸಬೇಕಾಗಿಲ್ಲ. ಈ ಉಪಕರಣವನ್ನು ಕೈಗಾರಿಕೆಯಲ್ಲಿ ‘ಪಿಗ್’ ಎನ್ನುತ್ತಾರೆ.

ಮೊದಲ ಪಿಗ್‌ಗಳ ಕೆಲಸ ಅಳೆಯುವುದಲ್ಲ, ಗುಡಿಸುವುದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ತೈಲ ಕೊಳವೆಗಳಲ್ಲಿ ಮೇಣ ಕಟ್ಟಿ ಹರಿವು ಕುಗ್ಗಿದಾಗ, ಚರ್ಮದ ಅಥವಾ ತಂತಿ ಸುತ್ತಿದ ಹುಲ್ಲಿನ ಉಂಡೆಗಳನ್ನು ಒಳಗೆ ಬಿಡುತ್ತಿದ್ದರು. ಅಳೆಯುವ ಪಿಗ್‌ಗಳು ಬರುವ ಮೊದಲು, ಕೊಳವೆಯ ಬಲ ತಿಳಿಯಲು ನೀರು ತುಂಬಿ ಒತ್ತಡ ಏರಿಸಿ ನೋಡುವುದು ರೂಢಿಯಾಗಿತ್ತು. ಆ ಪರೀಕ್ಷೆ ಕೊಳವೆ ಅಂದು ತಾಳಿತೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಗೋಡೆ ಅರ್ಧ ಸವೆದಿದ್ದರೂ ಒಡೆಯದಿದ್ದರೆ ಸುಳಿವೇ ಸಿಗದು.

1960ರ ದಶಕದ ನಡುವಿನಲ್ಲಿ ಅಮೆರಿಕದ ಟ್ಯೂಬೋಸ್ಕೋಪ್ ಕಂಪನಿ ‘ಲೈನಲಾಗ್’ ಎಂಬ ಪಿಗ್ಗನ್ನು ಬಳಕೆಗೆ ತಂದಿತು. ಅದು ಕೊಳವೆಯ ಗೋಡೆಯನ್ನು ಬಲವಾಗಿ ಕಾಂತೀಕರಿಸುತ್ತಾ ಸಾಗುತ್ತಿತ್ತು. ಗೋಡೆ ತೆಳುವಾದ ಕಡೆ ಕಾಂತೀಯ ಬಲರೇಖೆಗಳು ಉಕ್ಕಿನೊಳಗೆ ಹಿಡಿಸದೆ ಹೊರಚಾಚುತ್ತವೆ. ಸಂವೇದಕಗಳು ಆ ಸೋರಿಕೆಯನ್ನು ದಾಖಲಿಸುತ್ತವೆ. ಮೊದಲ ಮಾದರಿ ನೋಡುತ್ತಿದ್ದುದು ಕೊಳವೆಯ ತಳಭಾಗವನ್ನಷ್ಟೇ. ನೀರು ನಿಂತು ಒಳಗೋಡೆ ತುಕ್ಕು ಹಿಡಿಯುವುದು ಹೆಚ್ಚಾಗಿ ಅಲ್ಲೇ. ಪೂರ್ತಿ ಸುತ್ತಳತೆಯನ್ನು ನೋಡುವ ಮಾದರಿಗಳು ಬೇಗನೆ ಬಂದವು. 1970ರ ದಶಕದಲ್ಲಿ ಬ್ರಿಟಿಷ್ ಗ್ಯಾಸ್ ಸಂಸ್ಥೆ ನೀರಿನ ಪರೀಕ್ಷೆಗೆ ಬದಲಿಯಾಗಿ ಇದೇ ತತ್ತ್ವವನ್ನು ಬೆಳೆಸಿ, ಸವಕಳಿಯ ಉದ್ದ, ಆಳಗಳನ್ನೂ ಅಂದಾಜಿಸಬಲ್ಲ ಸೂಕ್ಷ್ಮ ಪಿಗ್‌ಗಳನ್ನು ರೂಪಿಸಿತು. ಇದೊಂದು ದೊಡ್ಡ ಜಿಗಿತ: ದೋಷ ಇದೆ ಎಂಬ ಸುದ್ದಿಯಿಂದ, ಯಾವುದನ್ನು ಮೊದಲು ಅಗೆದು ದುರಸ್ತಿ ಮಾಡಬೇಕು ಎಂಬ ತೀರ್ಮಾನದವರೆಗೆ. ಶ್ರವಣಾತೀತ ಧ್ವನಿಯಿಂದ ಗೋಡೆಯ ದಪ್ಪವನ್ನು ನೇರವಾಗಿ ಅಳೆಯುವ ಪಿಗ್‌ಗಳು 1980ರ ದಶಕದಲ್ಲಿ ಬಂದವು. ಆ ಧ್ವನಿ ಗೋಡೆಗೆ ತಲುಪಲು ನಡುವೆ ದ್ರವ ಬೇಕು. ಹಾಗಾಗಿ ಅನಿಲ ಮಾರ್ಗಗಳಲ್ಲಿ ಕಾಂತೀಯ ವಿಧಾನವೇ ಮುಖ್ಯವಾಗಿ ಉಳಿಯಿತು.

ಉಪಕರಣ ಇಷ್ಟು ಬೆಳೆದರೂ, ಕೆಲವು ದೊಡ್ಡ ದುರಂತಗಳು ನಡೆದದ್ದು ಅದು ಹೋಗಲಾಗದ ಅಥವಾ ಯಾರೂ ಅದನ್ನು ಕಳಿಸದ ಕೊಳವೆಗಳಲ್ಲಿ. 2000ದ ಆಗಸ್ಟ್ 19ರಂದು ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಬಳಿ 30 ಅಂಗುಲದ ಅನಿಲ ಕೊಳವೆ ಸಿಡಿದು, ಪೆಕೋಸ್ ನದಿಯ ದಡದಲ್ಲಿ ಬಿಡಾರ ಹೂಡಿದ್ದ 12 ಮಂದಿ, ಮಕ್ಕಳೂ ಸೇರಿ, ಸತ್ತರು. ಒಳಗೋಡೆಯ ತೀವ್ರ ಸವಕಳಿಯೇ ಕಾರಣವೆಂದು ತನಿಖೆ ಹೇಳಿತು. ಸಿಡಿದ ಭಾಗ ಪಿಗ್ ಓಡಿಸಲು ತಕ್ಕಂತೆ ಕಟ್ಟಿದ್ದಾಗಿರಲಿಲ್ಲ. 2002ರಲ್ಲಿ ಅಮೆರಿಕ ಕಾನೂನು ಮಾಡಿ, ಜನವಸತಿಯ ಅನಿಲ ಮಾರ್ಗಗಳ ಮರುತಪಾಸಣೆಗೆ 7 ವರ್ಷಗಳ ಗಡುವು ಹಾಕಿತು.

ಅಲಾಸ್ಕಾದ ಪ್ರೂಡೋ ಬೇ ತೈಲಕ್ಷೇತ್ರದಲ್ಲಿ 2006ರಲ್ಲಿ ನಡೆದ ಸೋರಿಕೆಗೆ ಪಿಗ್ ಹೋಗಲಾಗದೆಂಬ ಸಬೂಬೂ ಇರಲಿಲ್ಲ. ಅಲ್ಲಿಂದ ದಕ್ಷಿಣಕ್ಕೆ ತೈಲ ಒಯ್ಯುವ ಸುಮಾರು 1,287 ಕಿಲೋಮೀಟರ್ ಉದ್ದದ ಅಲಾಸ್ಕಾ ಕೊಳವೆಮಾರ್ಗದೊಳಗೆ ಪಿಗ್‌ಗಳು ನಿಯಮಿತವಾಗಿ ಓಡುತ್ತಿದ್ದವು. ಆ ಮಾರ್ಗಕ್ಕೆ ತೈಲ ಉಣಿಸುವ ಕಡಿಮೆ ಒತ್ತಡದ ಕೊಳವೆಯೊಂದಕ್ಕೆ 1998ರ ನಂತರ ಪಿಗ್ ಇಳಿದಿರಲಿಲ್ಲ. ಅಂಥ ಕೊಳವೆಗಳು ಆಗ ಒಕ್ಕೂಟ ಸರ್ಕಾರದ ಸುರಕ್ಷತಾ ನಿಯಮಗಳ ಹೊರಗಿದ್ದವು. 2006ರ ಮಾರ್ಚ್‌ನಲ್ಲಿ ಆ ಕೊಳವೆಯ ತಳದಲ್ಲಿ ಬಿದ್ದ ಸಣ್ಣ ತೂತಿನಿಂದ 2 ಲಕ್ಷಕ್ಕೂ ಹೆಚ್ಚು ಗ್ಯಾಲನ್ ಕಚ್ಚಾತೈಲ ಹಿಮದ ಮೇಲೆ ಹರಿಯಿತು. ಆ ಬಳಿಕ ಇನ್ನೊಂದು ಕೊಳವೆಗೆ ಪಿಗ್ ಇಳಿಸಿದಾಗ ಅದೂ ಸವೆದದ್ದು ಕಂಡಿತು. ಆಗಸ್ಟ್‌ನಲ್ಲಿ ತೈಲಕ್ಷೇತ್ರದ ಒಂದು ಭಾಗವನ್ನು ಮುಚ್ಚಬೇಕಾಯಿತು.

ಭಾರತದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮತ್ತು ಇಂಡಿಯನ್ ಆಯಿಲ್ ಕೂಡಿ ಕಾಂತೀಯ ಸೋರಿಕೆ ಆಧರಿಸಿದ ಸ್ವದೇಶಿ ಪಿಗ್ಗನ್ನು ತಯಾರಿಸಿವೆ. ಕಡಿದಾದ ತಿರುವು, ನಡುನಡುವೆ ಬದಲಾಗುವ ವ್ಯಾಸ, ಕೊಳವೆಯಷ್ಟು ಅಗಲಕ್ಕೆ ತೆರೆಯದ ವಾಲ್ವ್‌ಗಳಿರುವ ಹಳೆಯ ಮಾರ್ಗಗಳಲ್ಲಿ ಹರಿವಿನ ಒತ್ತಡದಿಂದ ಸಾಗುವ ಯಾವುದೇ ಪಿಗ್ ಸಿಕ್ಕಿಕೊಳ್ಳಬಹುದು. ಅವುಗಳಿಗಾಗಿ ಸ್ವಂತ ಮೋಟಾರಿನಿಂದ ನಡೆಯುವ ರೋಬೋಟ್‌ಗಳು ಈಗ ಬಳಕೆಗೆ ಬರುತ್ತಿವೆ.