ಜ್ಯಾಂಗೊ (ತಂತ್ರಾಂಶ)

ಜ್ಯಾಂಗೊ ಎಂಬುದು ಪೈಥಾನ್ ಭಾಷೆಯಲ್ಲಿ ಜಾಲತಾಣಗಳನ್ನು ನಿರ್ಮಿಸಲು ಬಳಸುವ ಒಂದು ಮುಕ್ತ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು. ಬಹುತೇಕ ತಾಣಗಳಿಗೆ ಬೇಕಾಗುವ ಲಾಗಿನ್ ವ್ಯವಸ್ಥೆ, ಡೇಟಾಬೇಸ್ ಸಂಪರ್ಕ, ಅರ್ಜಿ ನಮೂನೆಗಳು, ನಿರ್ವಹಣಾ ಪುಟ ಮೊದಲಾದವು ಇದರೊಡನೆಯೇ ಬರುತ್ತವೆ. ಆದ್ದರಿಂದ ಇದನ್ನು 'ಬ್ಯಾಟರಿ ಸಹಿತ' ಚೌಕಟ್ಟು ಎನ್ನುವುದುಂಟು. ಆಟಿಕೆಯ ಡಬ್ಬಿಯಲ್ಲಿಯೇ ಬ್ಯಾಟರಿಯೂ ಇದ್ದಂತೆ.

ಇತಿಹಾಸ

ಜ್ಯಾಂಗೊ ಹುಟ್ಟಿದ್ದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ರೂಪಿಸತೊಡಗಿದರು. ಸುದ್ದಿಮನೆಯಲ್ಲಿ ಹೊಸ ಪುಟಗಳು ಕೆಲವೊಮ್ಮೆ ಗಂಟೆಗಳೊಳಗೆ ಸಿದ್ಧವಾಗಬೇಕಿತ್ತು. ಪ್ರತಿಸಲವೂ ಅದೇ ಕೆಲಸವನ್ನು ಮೊದಲಿನಿಂದ ಮಾಡಲು ಸಮಯವಿರಲಿಲ್ಲ. 2005ರ ಜುಲೈನಲ್ಲಿ ಅದು ಬಿಎಸ್‌ಡಿ ಪರವಾನಗಿಯಡಿ ಸಾರ್ವಜನಿಕವಾಯಿತು. 2008ರಲ್ಲಿ ಜ್ಯಾಂಗೊ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು, 1.0 ಆವೃತ್ತಿಯೂ ಅದೇ ವರ್ಷ ಬಂದಿತು.

ಹೆಸರು ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರದು. ಇಂಗ್ಲಿಷ್ ಕಾಗುಣಿತದ ಮೊದಲ 'ಡಿ' ಉಚ್ಚಾರಣೆಯಲ್ಲಿ ಬರುವುದಿಲ್ಲ.

ರಚನೆ

ಅನ್ವಯದ ದತ್ತಾಂಶದ ಸ್ವರೂಪವನ್ನು 'ಮಾಡೆಲ್' ಎಂಬ ಪೈಥಾನ್ ವರ್ಗಗಳಲ್ಲಿ ಬರೆಯಲಾಗುತ್ತದೆ. 'ವ್ಯೂ' ಬಳಕೆದಾರರ ಕೋರಿಕೆಗೆ ಉತ್ತರವನ್ನು ಸಿದ್ಧಪಡಿಸಿದರೆ, 'ಟೆಂಪ್ಲೇಟ್' ಅದನ್ನು ಪುಟವಾಗಿ ತೋರಿಸುತ್ತದೆ. ಮಾಡೆಲ್ ಬರೆದು ನೋಂದಾಯಿಸಿದೊಡನೆ ಮಾಹಿತಿಯನ್ನು ಸೇರಿಸುವ, ತಿದ್ದುವ ನಿರ್ವಹಣಾ ಪುಟ ತಾನಾಗಿಯೇ ದೊರೆಯುತ್ತದೆ. ಪ್ರೋಗ್ರಾಮಿಂಗ್ ಅರಿಯದ ಸಂಪಾದಕರಿಗೆ ಇದು ದೊಡ್ಡ ಅನುಕೂಲ. ಜ್ಯಾಂಗೊ ಒಳಗೊಂಡಿರುವ ಭಾಷೆಗಳಲ್ಲಿ ಕನ್ನಡವೂ ಒಂದು. ಅನುವಾದವಾಗದ ಸಾಲುಗಳು ಮಾತ್ರ ಇಂಗ್ಲಿಷಿನಲ್ಲಿಯೇ ಕಾಣುತ್ತವೆ.

ಪೂರಕ ಸಾಧನಗಳು

ಚೌಕಟ್ಟಿನಲ್ಲಿ ಇಲ್ಲದ್ದನ್ನು ಇತರರು ರಚಿಸಿದ ಪ್ಯಾಕೇಜುಗಳು ಒದಗಿಸುತ್ತವೆ. ಮೊಬೈಲ್ ಆ್ಯಪ್‌ಗಳಿಗೆ ಮಾಹಿತಿ ಪೂರೈಸಲು 'ಜ್ಯಾಂಗೊ ರೆಸ್ಟ್ ಫ್ರೇಮ್‌ವರ್ಕ್' ವ್ಯಾಪಕವಾಗಿ ಬಳಕೆಯಲ್ಲಿದೆ.

ಕಲಿಯುವವರಿಗೆ ಹೆಚ್ಚು ಉಪಯುಕ್ತವಾದುದು 'ಡೀಬಗ್ ಟೂಲ್‌ಬಾರ್'. ಒಂದು ಪುಟಕ್ಕಾಗಿ ಡೇಟಾಬೇಸನ್ನು ಎಷ್ಟು ಸಲ ಪ್ರಶ್ನಿಸಲಾಯಿತು ಎಂಬುದನ್ನು ಅದು ತೋರಿಸುತ್ತದೆ. ಉದಾಹರಣೆಗೆ, 50 ಸುದ್ದಿಗಳ ಪಟ್ಟಿಯಲ್ಲಿ ಪ್ರತಿ ಸುದ್ದಿಯ ಲೇಖಕರ ಹೆಸರನ್ನು ಅಜಾಗರೂಕತೆಯಿಂದ ಕೇಳಿದರೆ, ಪಟ್ಟಿಗೆ 1 ಮತ್ತು ಹೆಸರುಗಳಿಗೆ 50, ಒಟ್ಟು 51 ಪ್ರಶ್ನೆಗಳಾಗುತ್ತವೆ. 'ಸೆಲೆಕ್ಟ್ ರಿಲೇಟೆಡ್' ವಿಧಾನ ಬಳಸಿದರೆ 1 ಪ್ರಶ್ನೆಯೇ ಸಾಕು. ಮನೆಯ ಕಂಪ್ಯೂಟರಿನಲ್ಲಿ ಈ ದೋಷ ಕಣ್ಣಿಗೆ ಬೀಳದು. ಓದುಗರು ಹೆಚ್ಚಿದಾಗ ತಾಣ ತಡವರಿಸುತ್ತದೆ.

ಪೂರಕವೊಂದು ಮೂಲದೊಳಕ್ಕೇ ಸೇರಿದ ನಿದರ್ಶನವೂ ಇದೆ. ಡೇಟಾಬೇಸಿನ ರಚನೆಯನ್ನು ಹಂತಹಂತವಾಗಿ ಬದಲಿಸಲು ಆ್ಯಂಡ್ರ್ಯೂ ಗಾಡ್ವಿನ್ 'ಸೌತ್' ಎಂಬ ಪ್ಯಾಕೇಜನ್ನು ರಚಿಸಿದ್ದರು. 2014ರ 1.7 ಆವೃತ್ತಿಯಿಂದ ಆ ಸೌಲಭ್ಯವನ್ನು ಅವರೇ ಹೊಸದಾಗಿ ಬರೆದು ಜ್ಯಾಂಗೊದಲ್ಲಿ ಅಳವಡಿಸಿದರು.

ಎಲ್ಲ ಪೂರಕಗಳಿಗೂ ಈ ಭಾಗ್ಯವಿಲ್ಲ. ನಿರ್ವಾಹಕರು ಕೈಬಿಟ್ಟ ಒಂದು ಪ್ಯಾಕೇಜನ್ನು ನೆಚ್ಚಿಕೊಂಡ ತಾಣ ಹಳೆಯ ಆವೃತ್ತಿಯಲ್ಲಿಯೇ ಸಿಲುಕಿ, ಸುರಕ್ಷತಾ ತಿದ್ದುಪಡಿಗಳಿಂದ ವಂಚಿತವಾಗಬಹುದು.

ಸುರಕ್ಷತೆ

ಟೆಂಪ್ಲೇಟುಗಳಲ್ಲಿ ಅಪಾಯಕಾರಿ ಸಂಕೇತಗಳನ್ನು ನಿಷ್ಕ್ರಿಯಗೊಳಿಸುವುದು, ಗುಪ್ತಪದವನ್ನು ನೇರವಾಗಿ ಉಳಿಸದೆ ಅದರ ಹ್ಯಾಶ್ ರೂಪವನ್ನಷ್ಟೇ ಇಡುವುದು ಇವೆಲ್ಲ ಪೂರ್ವನಿಯೋಜಿತ. ಆದರೆ ಹೊಸ ಯೋಜನೆಯಲ್ಲಿ 'ಡೀಬಗ್' ಆಯ್ಕೆ ಚಾಲೂ ಇರುತ್ತದೆ. ತಾಣವನ್ನು ಸಾರ್ವಜನಿಕಗೊಳಿಸುವ ಮುನ್ನ ಅದನ್ನು ನಿಲ್ಲಿಸದಿದ್ದರೆ, ದೋಷ ಉಂಟಾದಾಗ ಒಳಗಿನ ಕೋಡ್‌ನ ಸಾಲುಗಳೂ ಹಲವು ಸಂಯೋಜನೆಗಳೂ ಯಾರ ಪರದೆಯ ಮೇಲಾದರೂ ಕಾಣಿಸಿಕೊಳ್ಳುತ್ತವೆ.